ಲತಾಮಣಿಯ ಗಂಟಲಿಗೆ ಏನಾಗಿದೆ?

"ನನ್ನ ಗಂಟಲಿಗೆ ಕಾಯಿಲೆ ಅಂತೀರಾ? ಅದೂ ಇಷ್ಟು ಜನರ ಎದುರಿಗೆ!"

ಲತಾಮಣಿ ಮುಖಕ್ಕೆ ಹಾಕಿದ್ದ, ಉಸಿರಿನ ಗಾಳಿ ಅಳೆಯುವ ಮಾಸ್ಕನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಹಳೇಬೀಡಿನಲ್ಲಿ ಪ್ರವಾಸಿಗಳಿಗೆ ಗೈಡ್ ಆಗಿದ್ದ ಅವಳು ಅರಸೀಕೆರೆಯ ಧ್ವನಿ ಪರೀಕ್ಷೆ ಶಿಬಿರಕ್ಕೆ ರೋಗಿಯಾಗಿ ಬಂದಿರಲಿಲ್ಲ. ರೋಗಿಗಳ ಜೊತೆ ಹೋಲಿಸಿ ನೋಡಲು ಒಳ್ಳೆಯ ದನಿಯವರು ಬೇಕೆಂದು ಶಿಬಿರದವರೇ ಕರೆದಿದ್ದರು!

ಯಂತ್ರದ ಮುಂದಿದ್ದ ಧ್ವನಿ ತಜ್ಞ ಮಧುಕುಮಾರ್ ತಡವರಿಸಿದ. "ಮೇಡಂ, ನೀವು 'ಆ...' ಅಂದಾಗ ಗಾಳಿ ತುಂಬಾ ಜಾಸ್ತಿ ಹೊರಗೆ ಬರ್ತಿದೆ. ಗಂಟಲಿನ ತಂತುಗಳು ಸರಿಯಾಗಿ ಮುಚ್ಚಿಕೊಳ್ತಿಲ್ಲ. ಚೆನ್ನಾಗಿರೋರ ಗುಂಪಿಗೆ ನಿಮ್ಮನ್ನ ಸೇರಿಸೋಕಾಗಲ್ಲ."

ಸಾಲಿನಲ್ಲಿ ಕೂತವರೆಲ್ಲ ಕಿವಿ ನಿಮಿರಿಸಿದರು. ಸುದ್ದಿ ಜಾವಗಲ್ ತಲುಪಲು ಎಷ್ಟು ಹೊತ್ತು ಬೇಕು? ಅಲ್ಲಿ ಅವಳಿಗೆ ನೋಡಿದ್ದ ಗಂಡಿನ ಕಡೆಯವರು ಸಂಜೆಯೊಳಗೆ ಮದುವೆ ಮಾತನ್ನೇ ಮುರಿದರು.

"ಹುಡ್ಗಿ ಗಂಟ್ಲಲ್ಲಿ ಏನೋ ಐತಂತೆ, ಬ್ಯಾಡ ಅಂದ್ರು ಕಣೇ," ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡರು.

ಲತಾಮಣಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ದಿನವಿಡೀ ಕೂಗಿ ಅನ್ನ ದುಡಿಯುವ ಗಂಟಲು... ಅದಕ್ಕೆ ಹೆಸರಿಡೋಕೆ ಇವನ್ಯಾರು!

ಮರುದಿನ ಶಿಬಿರಕ್ಕೇ ಹೋಗಿ ಜಗಳಕ್ಕೆ ನಿಂತಳು. ಮಧುಕುಮಾರ್ ಎದ್ದು ನಿಂತು ಎಲ್ಲವನ್ನೂ ಕೇಳಿಸಿಕೊಂಡ.

"ಎಲ್ಲರ ಮುಂದೆ ಹೇಳಿದ್ದು ನನ್ನ ತಪ್ಪು, ಕ್ಷಮಿಸಿ. ಆದ್ರೆ ಹೇಳಿದ್ದು ಸುಳ್ಳಲ್ಲ. ಹೀಗೇ ಕೂಗ್ತಾ ಇದ್ರೆ ದನಿಯೇ ಹೋಗುತ್ತೆ."

"ಹೋಗಲಿ ಬಿ..." ಎನ್ನುವಷ್ಟರಲ್ಲಿ ಅವಳ ದನಿ ಒಡೆದುಹೋಯಿತು! ಅವಳು ಮೊದಲ ಸಲ ಹೆದರಿದಳು. ದನಿ ಹೋದರೆ ಕೆಲಸ?

ಅಂದಿನಿಂದ ಪ್ರತಿ ಭಾನುವಾರ ಅವನು ಹಳೇಬೀಡಿಗೆ ಬಂದು ಉಸಿರಿನ ಅಭ್ಯಾಸ ಹೇಳಿಕೊಟ್ಟ. ಅವಳು ಬೈಯುತ್ತಲೇ ಕಲಿತಳು. ತಿಂಗಳುಗಳು ಕಳೆದವು, ಗಂಟಲಿನ ಗಾಳಿ ಸೋರಿಕೆಯೂ ಇಳಿಯಿತು. ಆದರೆ ಶಾಲಾ ಮಕ್ಕಳ ಪ್ರವಾಸದ ಕಾಲ ಬಂದಾಗ ಮತ್ತೆ ಕೂಗಿ ಗಂಟಲು ಕಟ್ಟಿಸಿಕೊಂಡಳು.

"ಎರಡು ದಿನ ಮಾತೇ ಆಡಬೇಡಿ, ಪಿಸುಮಾತೂ ಕೂಡದು," ಎಂದ ಮಧುಕುಮಾರ್. ಆಮೇಲೆ ನೆಲ ನೋಡುತ್ತಾ, "ನನ್ನನ್ನ ಮದುವೆ ಆಗ್ತೀರಾ? ಉತ್ತರ ಈಗಲೇ ಬೇಡ..." ಎಂದ.

ಬಾಯಿ ಕಟ್ಟಿಹಾಕಿ ಕೇಳುವ ಮಾತಾ ಇದು? ಅವಳಿಗೆ ತಡೆಯಲಾಗಲಿಲ್ಲ.

"ನಿಮ್ಮಿಂದ ನನ್ನ ಸಂಬಂಧ ತಪ್ಪಿತು ಅಂತ ಅಯ್ಯೋ ಪಾಪ ಅನ್ನಿಸ್ತಾ? ನಿಮ್ಮ ಕನಿಕರ ನನಗೆ ಬೇಡ!"

"ಕನಿಕರ ಅಲ್ಲ ರೀ. ನೀವು ಬೈಯದ ದಿನ ನನಗೆ ಹೊತ್ತೇ ಹೋಗಲ್ಲ."

ಅವಳ ಕಣ್ಣು ತುಂಬಿತು. ಅವನು ಮೆಲ್ಲಗೆ, "ಮೌನ ಮುರಿದ್ರಿ. ಇನ್ನು ಮೊದಲಿಂದ ಎರಡು ದಿನ," ಎಂದ.

"ಇರ್ತೀನಿ. ಅದಕ್ಕೆ ಮೊದಲು ಒಂದು ಮಾತು."

"ಏನು?"

"ಒಪ್ಪಿದ್ದೀನಿ ಕಣ್ರೀ."