ಬೆನ್ನು ವಾಸಿಯಾಯಿತು, ಮೊಣಕೈ ಇಲ್ಲ

ಚರ್ಮರೋಗ ವಿಭಾಗದಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಎನ್ನುತ್ತಾರೆ. ಚಿಕಿತ್ಸೆಗೆ ಬರುತ್ತಿದ್ದ ಟೈಲರ್ ಒಬ್ಬ ಮಾತ್ರ ಮೊದಲ ದಿನದಿಂದಲೂ ‘ಏನ್ರೀ’ ಎನ್ನುತ್ತಿದ್ದ.

ಅವನಿಗೆ ಸೋರಿಯಾಸಿಸ್. ಬೆನ್ನು, ಮೊಣಕೈ ತುಂಬ ಕೆಂಪು ಕಲೆ, ಮೇಲೆ ಬಿಳಿ ಹೊಟ್ಟು. ಅಂಟುವ ರೋಗವಲ್ಲ. ಆದರೂ ಅಳತೆ ಕೊಡಲು ಬಂದವರು ಅವನ ಕೈ ನೋಡಿ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಅಂಗಡಿ ಮುಚ್ಚುವುದೊಂದೇ ಬಾಕಿ.

ಒಂಟಿ ಮನುಷ್ಯ. ಕೈ ಎಟುಕದ ಬೆನ್ನಿಗೆ ದಿನಾ ಬೆಳಿಗ್ಗೆ ನಾನು ಮುಲಾಮು ಹಚ್ಚಬೇಕು. ಮೊಣಕೈಗೆ ಅವನೇ ಮನೆಯಲ್ಲಿ ಹಚ್ಚಿಕೊಳ್ಳಬೇಕು.

“ತಣ್ಣಗಿದ್ಯಾ?”

“ಮುಲಾಮು ತಣ್ಣಗಿದೆ. ಕೈ ಇಲ್ಲ.”

“ಸುಮ್ನೆ ಕೂತ್ಕೊಳ್ಳಿ.”

ಎದುರಿನ ಕನ್ನಡಿಯಲ್ಲಿ ಅವನು ನಗುವುದು ನನಗೆ ಕಾಣುತ್ತಿತ್ತು. ನಾನು ಕದ್ದು ನೋಡುವುದು ಅವನಿಗೂ ಕಾಣುತ್ತಿತ್ತಂತೆ, ನನ್ನ ಕರ್ಮ!

ಬೆನ್ನು ತಿಳಿಯಾಯಿತು. ಮೊಣಕೈ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಡಾಕ್ಟರು ಇನ್ನೂ ಜೋರಿನ ಮಾತ್ರೆ ಬರೆಯಲು ಹೊರಟಾಗ ನನಗೆ ಅನುಮಾನ ಬಂತು. ಅದೇ ಮುಲಾಮು, ಅದೇ ಮೈ.

“ನಿಮ್ಮ ಟ್ಯೂಬ್ ತೋರಿಸಿ.”

ಚೀಲದಿಂದ ತೆಗೆದುಕೊಟ್ಟ. ಸೀಲ್ ಕೂಡ ಒಡೆದಿರಲಿಲ್ಲ.

“ಪೂರ್ತಿ ವಾಸಿಯಾದ್ರೆ ನಿಮ್ಮನ್ನ ನೋಡೋದು ಹೇಗ್ರೀ?” ಎಂದ, ತಲೆ ತಗ್ಗಿಸಿ.

ಎದೆ ಝಲ್ಲೆಂದಿತು. ಬಾಯಿಗೆ ಬಂದದ್ದು ಮಾತ್ರ ಸಿಟ್ಟು.

“ಅದಕ್ಕೆ ಹೊಟ್ಟೆಪಾಡು ಕಳ್ಕೊಳ್ತೀರಾ? ನಾಳೆಯಿಂದ ಹೆಡ್ ಸಿಸ್ಟರ್ ಹಚ್ತಾರೆ. ವಾಸಿಯಾಗೋವರೆಗೂ ನನ್ನ ಹತ್ರ ಮಾತಿಲ್ಲ.”

ಹೇಳುವುದು ಸುಲಭವಿತ್ತು. ಪರದೆಯ ಆಚೆ ಅವನು ಕೆಮ್ಮಿದರೂ ಈಚೆ ನನಗೆ ತಿಳಿಯುತ್ತಿತ್ತು. ಇಸುಬಾದ ಮಗುವಿನ ಕಾಲಿಗೆ ಬ್ಯಾಂಡೇಜ್ ಸುತ್ತುತ್ತ, ಅವನು ಹೊರಟ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಮ್ಮೆ ಪರದೆ ಸರಿಸಿಬಿಡಲೇ ಎನಿಸುತ್ತಿತ್ತು. ಸರಿಸಿದರೆ ಅವನು ಮತ್ತೆ ಮುಲಾಮು ಬಿಟ್ಟಾನು ಎಂಬ ಹೆದರಿಕೆ. ಎಷ್ಟು ಹಂಬಲಿಸಿದೆನೋ ನನಗೇ ಗೊತ್ತು.

“ನಿನ್ನ ಟೈಲರು ನಂಗೆ ಸಿಸ್ಟರ್ ಅಂತಾನಮ್ಮ,” ಹೆಡ್ ಸಿಸ್ಟರ್ ಕಣ್ಣು ಮಿಟುಕಿಸಿದರು. “ಬಲು ಮರ್ಯಾದಸ್ಥ.”

ಕೊನೆಗೊಂದು ದಿನ ಅವನೇ ನನ್ನ ಮೇಜಿನ ಮುಂದೆ ಬಂದು ನಿಂತ. ಅಂಗಿಯ ತೋಳು ಮೇಲಕ್ಕೆ ಮಡಚಿದ್ದ. ಮೊಣಕೈ ನುಣುಪಾಗಿತ್ತು.

“ಇನ್ನು ಬರಬೇಕಾಗಿಲ್ವಂತೆ.”

“ಸಂತೋಷ,” ಎಂದೆ. ಸಂತೋಷವೇನೂ ಆಗಿರಲಿಲ್ಲ.

“ನಾಳೆ ಬರ್ಲಾ?”

“ನಾಳೆ ನಂಗೆ ರಜೆ.”

“ಗೊತ್ತು. ಅದಕ್ಕೇ ನಿಮ್ಮ ಮನೆ ಎಲ್ಲಿ ಅಂತ ಕೇಳೋಣ ಅಂತ.”

“ಮನೇಲಿ ಅಮ್ಮ ಇರ್ತಾರೆ.”

“ಇರ್ಲೇಬೇಕು ಕಣ್ರೀ. ನಾನು ಕೇಳ್ಬೇಕಾಗಿರೋದು ಅವರನ್ನೇ.”