ಮಾನ್ವಿಗೆ ಕಳಿಸಿದವಳು

ಪ್ರಾಣೇಶನಿಗೆ ಸತ್ಯಭಾಮಾಳ ಮೇಲೆ ಮನಸ್ಸಾಗಿದೆ ಎಂಬುದು ರಾಯಚೂರಿನ ಗಂಜ್ ಮಾರುಕಟ್ಟೆಯ ಆ ಲಾರಿ ಆಫೀಸಿಗೆಲ್ಲ ಗೊತ್ತಿತ್ತು. ಅವಳಿಗೆ ಗೊತ್ತಿದೆಯೋ ಇಲ್ಲವೋ, ಅದೊಂದು ಮಾತ್ರ ಅವನಿಗೆ ತಿಳಿದಿರಲಿಲ್ಲ.

ಅವನು ಮಠದ ಅರ್ಚಕರ ಮಗ, ಅವಳು ಮೇಷ್ಟರ ಮಗಳು. ಇಬ್ಬರಿಗೂ ಒಂದೇ ಟೇಬಲ್, ನಡುವೆ ಒಂದು ಕರಿ ಟೆಲಿಫೋನು. ಫೋನ್ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ಕೈ ಹಾಕುತ್ತಿದ್ದರು. ಅವಳು ಬೆರಳು ಹಿಂದಕ್ಕೆಳೆದು, ಕಿಟಕಿಯಾಚೆ ನೋಡುತ್ತ ನಗು ನುಂಗುತ್ತಿದ್ದಳು. ಆ ನಗುವಿಗಾಗಿ ಅವನು ರಜೆ ಹಾಕುವುದನ್ನೇ ಬಿಟ್ಟಿದ್ದ.

ಮಾಲೀಕರು ದಸ್ತಗೀರ್ ಸಾಬ್. ದೇವದುರ್ಗ, ಮಾನ್ವಿಯಲ್ಲೂ ಆಫೀಸುಗಳಿದ್ದವು. ಆದರೆ ಎಲ್ಲಿ ಒಂದು ಟಯರ್ ಬದಲಿಸಬೇಕಾದರೂ ಅವರ ಅಪ್ಪಣೆಯೇ ಬೇಕು. ಎಂಬತ್ತಮೂರರ ಸುಗ್ಗಿಯಲ್ಲಿ ಅವರು ಗುಲ್ಬರ್ಗಕ್ಕೆ ಮದುವೆಗೆ ಹೋದಾಗ, ಹತ್ತಿ ತುಂಬಿದ ಲಾರಿ ಹೇಳುವವರಿಲ್ಲದೆ ದೇವದುರ್ಗದಲ್ಲೇ ನಿಂತಿತು. ಹತ್ತಿಯವರು ಮಾಲು ಇಳಿಸಿಕೊಂಡು ಬೇರೆ ಕಂಪನಿಗೆ ಹೋದರು. ಊರಿಗೆ ಮರಳಿದ ಸಾಬರು ಎಲ್ಲರನ್ನೂ ಕೂಡಿಸಿ ಚಹಾ ತರಿಸಿದರು.

"ಇನ್ಮ್ಯಾಲ ಎಲ್ಲಾ ನನ್ನ ತಲಿ ಮ್ಯಾಲೇ ಬ್ಯಾಡ. ಕೆಲಸ ಹೆಂಗ ಹಂಚಾಣ, ನೀವೇ ಹೇಳ್ರಿ. ಆದ್ರ ಒಬ್ಬರ ಕೈಕೆಳಗ ಅವರ ಸಂಬಂಧಿಕರು ಇರಂಗಿಲ್ಲ. ಭಾಮೈದನ್ನ ಇಟ್ಕೊಂಡು ನಾ ಪಟ್ಟಿದ್ದು ಸಾಕು."

ಎಲ್ಲರೂ ನಕ್ಕರು. ಆ ಭಾಮೈದ ಮಾನ್ವಿ ಆಫೀಸಿನಲ್ಲಿ ಮಧ್ಯಾಹ್ನವೆಲ್ಲ ಮಲಗುತ್ತಿದ್ದ; ಬೈದ ದಿನ ಸಾಬರಿಗೆ ಮನೆಯಲ್ಲಿ ಊಟವಿರುತ್ತಿರಲಿಲ್ಲ.

ಪ್ರಾಣೇಶ ಎದ್ದು ನಿಂತ. ಮೂರೂ ಊರಿನ ಬುಕಿಂಗ್ ಒಬ್ಬರಿಗೆ, ಲಾರಿಗಳು ಇನ್ನೊಬ್ಬರಿಗೆ, ಗ್ಯಾರೇಜು ಮತ್ತೊಬ್ಬರಿಗೆ ಎಂದ. "ಬುಕಿಂಗಿಗೆ ಸತ್ಯಭಾಮಾ ಅವರೇ ಹೆಡ್ ಆಗ್ಲಿರಿ. ನಾ ಅವರ ಕೈಕೆಳಗ ಇಲ್ಲೇ ಇರ್ತೀನಿ." ಇದರಲ್ಲಿ ವ್ಯವಹಾರ ಎಷ್ಟು, ಟೇಬಲ್ಲಿನ ಆಸೆ ಎಷ್ಟು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಸಾಬರಿಗೂ ಹಿಡಿಸಿತು. ಮೂರು ಊರಿಗೆ ಹೆಡ್ ಆಗಬೇಕಾದವಳೇ ಬೇಡವೆಂದಳು.

"ಹಂಗಾದ್ರ ದೇವದುರ್ಗದವರು ಬುಕಿಂಗಿಗೆ ನನ್ನ ಕೇಳ್ಬೇಕು, ಟಯರಿಗೆ ಇನ್ನೊಬ್ಬರನ್ನ ಕೇಳ್ಬೇಕು. ಲಾರಿ ಮತ್ತ ನಿಲ್ತದ್ರಿ. ಊರಿಗೊಬ್ಬರನ್ನ ಮಾಡ್ರಿ, ಅಲ್ಲಿದೆಲ್ಲಾ ಅವರೇ ನೋಡ್ಕೊಳ್ಳಿ. ರಾಯಚೂರು ನಾ ನೋಡ್ತೀನಿ." ಅವಳು ಟೆಲಿಫೋನಿನ ಕಡೆ ಕಣ್ಣಿಳಿಸಿದಳು. "ಮಾನ್ವಿಗೆ ಪ್ರಾಣೇಶ ಅವರನ್ನ ಕಳಿಸ್ರಿ."

ಸಾಬರು ಸ್ವಲ್ಪ ಯೋಚಿಸಿ ಹೂಂ ಎಂದರು. ಪ್ರಾಣೇಶನ ಚಹಾ ಹಾಗೇ ಆರಿತು. ಅಂದಿನಿಂದ ಫೋನ್ ಬಂದರೂ ಅವನು ಕೈ ಚಾಚಲಿಲ್ಲ.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಅವಳೇ ಬಂದಳು. ಬಿಸಿಲಿಗೆ ಸೆರಗು ಹೊದ್ದಿದ್ದಳು.

"ಮಾನ್ವಿ ಆಫೀಸಿನ ಕೀಲಿ ಟೇಬಲ್ ಮ್ಯಾಲೇ ಬಿಟ್ಟು ಬಂದೀರಿ."

"ಓಡಿಸಿದ್ರಿ, ಓಡಿ ಬಂದೆ."

"ಸಿಟ್ಟು ಬಂದದೇನ್ರಿ?"

"ನನ್ನ ದೂರ ಮಾಡ್ಲಿಕ್ಕೆ ಅಷ್ಟು ದೊಡ್ಡ ಕುರ್ಚಿ ಬಿಟ್ರಿ. ನನ್ನ ಮಾರಿ ಅಷ್ಟು ಬ್ಯಾಸರಾಗಿತ್ತೇನು?"

ಅವಳು ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ನಿಂತಳು. "ಸಂಬಂಧಿಕರ ವಿಷಯ ಸಾಬರು ಏನಂದ್ರು, ನೆನಪದ ಏನ್ರಿ?"

"ಒಬ್ಬರ ಕೈಕೆಳಗ ಒಬ್ಬರು ಇರಬಾರ್ದು ಅಂದ್ರು. ಅದಕ್ಕೂ ನಮಗೂ ಏನು? ನಾವೇನು ಸಂಬಂಧಿಕರೇನ್ರಿ?"

"ಇನ್ನೂ ಇಲ್ಲ."

ಅವಳ ಕಿವಿಗಳು ಕೆಂಪಾಗಿದ್ದವು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೈಯಲ್ಲಿದ್ದ ಟ್ರಂಕು ಕೆಳಗಿಟ್ಟ.

"ಮತ್ತ ಲಾರಿ ನಿಲ್ತದ ಅಂದಿದ್ದು?"

"ಅದೂ ಖರೇನ. ಇದೂ ಖರೇನ."

"ಕುರ್ಚಿ ಯಾಕ ಬಿಟ್ರಿ? ನಾ ಕೆಲಸಾನೇ ಬಿಡ್ತಿದ್ದೆ."

"ಕೆಲಸ ಬಿಟ್ಟವನಿಗೆ ನಮ್ಮಪ್ಪ ಮಗಳನ್ನ ಕೊಡ್ತಾರೇನು? ನೀವು ನನ್ನ ಕೈಕೆಳಗ ಬ್ಯಾಡ್ರಿ. ಬಾಜೂಕ ಬೇಕು." ಹೇಳಿದ ಮೇಲೆ ಅವಳು ಕಣ್ಣು ತಪ್ಪಿಸಲಿಲ್ಲ.

"ನನಗೂ ಅಷ್ಟೇ ಬೇಕಾಗಿತ್ತು," ಎಂದ. "ನಾಡಿದ್ದು ಐತವಾರ ನಮ್ಮಪ್ಪನ್ನ ನಿಮ್ಮನಿಗೆ ಕಳಿಸ್ತೀನಿ."

"ಎರಡೂ ಊರಿನ ನಡುವಿನ ಕಲ್ಮಲದಾಗ ಬಾಡಿಗಿ ಮನಿ ಸಿಗ್ತಾವಂತ. ಮುಂಜಾನಿ ನೀವು ಮಾನ್ವಿ ಬಸ್ಸಿಗೆ, ನಾ ರಾಯಚೂರು ಬಸ್ಸಿಗೆ."

ಕಂಡಕ್ಟರ್ ಸೀಟಿ ಊದಿದ. ಪ್ರಾಣೇಶ ಕದಲಲಿಲ್ಲ. "ಮತ್ತ ಆ ಮನಿಗೆ ಹೆಡ್ ಯಾರ್ರಿ?"

ಸತ್ಯಭಾಮಾ ಕೀಲಿಗಳನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಹಿಂದಕ್ಕೆಳೆಯದೆ ನಕ್ಕಳು.

"ಮೊದ್ಲು ಬಸ್ ಹತ್ರಿ."

ಪ್ರಾಣೇಶ ಟ್ರಂಕು ಎತ್ತಿಕೊಂಡು ಹತ್ತಿದ.