ಐದು ಗಂಟೆಯ ರೈಲು, ಊದಿದ ಕಣ್ಣು

"ಅಜ್ಜಾ, ಈ ಮಾತ್ರೆ ಡೂಪ್ಲಿಕೇಟು! ಇನ್ನೊಂದು ಕೊಡು."

ಮಿಡತೆ ಹಾಸಿಗೆಯ ಮೇಲೆ ಕೂತು ಕೈ ಚಾಚಿದಳು. ಒಂದು ಕಡೆ ಕೂರದ ಹುಡುಗಿಗೆ ಮನೆಯವರಿಟ್ಟ ಹೆಸರು ಅದು. ಬೆಳಿಗ್ಗೆ ಪೋಸ್ಟ್ ಡಬ್ಬಿಯೊಳಗೆ ಇಣುಕಲು ಹೋಗಿ, ಎರಡು ಕಣ್ಣಿನ ನಡುವೆ ಕಣಜದ ಹುಳದಿಂದ ಕಚ್ಚಿಸಿಕೊಂಡಿದ್ದಳು. ಈಗ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.

ಸಂಜೆ ಐದಕ್ಕೆ ಅಮ್ಮನ ರೈಲು. ಅಮ್ಮ ಗೂಡ್ಸ್ ರೈಲಿನ ಡ್ರೈವರ್. ಹದಿನೈದು ದಿನಕ್ಕೊಮ್ಮೆ ಮನೆ ಹಿಂದಿನ ಹಳಿಯಲ್ಲಿ ಹಾದುಹೋಗುತ್ತಾಳೆ. ನಿಲ್ಲಿಸುವ ಹಾಗಿಲ್ಲ. ಕಿಟಕಿಯಿಂದ ಕೈ ಬೀಸುತ್ತಾಳೆ, ಅಷ್ಟೇ. ಇವತ್ತು ಆ ಕೈ ಕಾಣದಿದ್ದರೆ? ಮಿಡತೆಗೆ ಅಳು ಬಂತು. ಅತ್ತರೆ ಕಣ್ಣುರಿ ಬೇರೆ.

"ಡಾಕ್ಟರಮ್ಮ ಒಂದೇ ಅಂದಿದ್ದಾರೆ" ಎಂದ ಅಜ್ಜ. ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತವನು ಅವನು, ಜಗ್ಗುವ ಆಸಾಮಿಯಲ್ಲ.

"ನುಂಗಿ ಎರಡು ಗಂಟೆ ಆಯ್ತು! ಒಳಗೆ ಹೋಗಿ ನಿದ್ದೆ ಹೊಡೀತಿದೆ ಅದು."

"ಅದು ಸ್ಟೀರಾಯ್ಡ್ ಕಣೆ. ನಮ್ಮ ಮೈಯೇ ಅಂಥದ್ದೊಂದು ಹಾರ್ಮೋನು ಮಾಡುತ್ತೆ, ಇದು ಅದರ ತಮ್ಮ. ತಾನೇ ಊತದ ಜೊತೆ ಜಗಳಕ್ಕೆ ಹೋಗಲ್ಲ. ಜೀವಕೋಶದೊಳಗೆ ಮೆತ್ತಗೆ ನುಸುಳಿ, ಅದರ ನಡುಮನೆಗೆ, ಅಂದ್ರೆ ನ್ಯೂಕ್ಲಿಯಸ್ಸಿಗೆ ಹೋಗಿ, 'ಊತ ಇಳಿಸೋ ಪ್ರೋಟೀನ್ ಮಾಡ್ರಪ್ಪಾ' ಅನ್ನುತ್ತೆ. ಮಿಕ್ಕ ಕೆಲಸ ಆ ಪ್ರೋಟೀನ್‌ಗಳದ್ದು."

"ಹೇಳಿದ ತಕ್ಷಣ ಮಾಡ್ಬಾರ್ದಾ?"

"ನೀನು ಹೇಳಿದ ತಕ್ಷಣ ಹೋಂವರ್ಕ್ ಮಾಡ್ತೀಯಾ? ಹೊಸದಾಗಿ ಮಾಡ್ಬೇಕಲ್ಲ, ಹೊತ್ತು ಹಿಡಿಯುತ್ತೆ."

ಮಿಡತೆ ಮುಖ ಗಂಟು ಹಾಕಿಕೊಂಡು ಮಲಗಿದಳು. ಮುಚ್ಚಿದ ರೆಪ್ಪೆಯೊಳಗೆ ಕೆಂಪು ಬೆಳಕು. ಅಲ್ಲೊಂದು ಪುಟ್ಟ ಮನೆ, ಪಕ್ಕದಲ್ಲಿ ಇನ್ನೊಂದು, ಸಾವಿರ ಸಾವಿರ ಮನೆ. ಯಾರೋ ಬಾಗಿಲು ದಾಟಿ ಒಳಗೆ ಹೋದರು. ದೀಪ ಹತ್ತಿತು. ಒಳಗಿದ್ದವರು ಮಣಿ ಪೋಣಿಸತೊಡಗಿದರು. ಒಂದೊಂದೇ ಸರ ಹೊರಗೆ ಬಂದು, ಗಲಾಟೆ ಮಾಡುತ್ತಿದ್ದ ಬೀದಿಗೆ "ಶ್ಶ್" ಎನ್ನುತ್ತಿತ್ತು.

ಬೇಗ ಬೇಗ ಎನ್ನಲು ಮಿಡತೆ ಬಾಯಿ ತೆರೆದಳು. ಅವರ ಬೆರಳುಗಳು ಆಗಲೇ ಓಡುತ್ತಿದ್ದವು. ಮಣಿ ಎಣಿಸತೊಡಗಿದಳು. ಯಾವಾಗ ನಿದ್ದೆ ಹತ್ತಿತೋ ಗೊತ್ತಾಗಲಿಲ್ಲ.

ಪೋಂ... ಪೋಂ!

ಅಜ್ಜ ಅವಳ ಕೈ ಹಿಡಿದು ಹಿತ್ತಲಿಗೆ ಓಡಿದ. ಬಲಗಣ್ಣು ಜಪ್ಪಯ್ಯ ಅಂದರೂ ಬಿಡಲಿಲ್ಲ. ಎಡಗಣ್ಣು ಮಾತ್ರ ಕಡ್ಡಿಯಷ್ಟು ಬಿಟ್ಟಿತು. ಆ ಸಂದಿಯಲ್ಲಿ ಇಂಜಿನ್ನು ಬಂತು, ಕಿಟಕಿ ಬಂತು, ಅಮ್ಮನ ಕೈ ಬಂತು.

ಮಿಡತೆ ಎರಡೂ ಕೈ ಬೀಸಿ ಬೀಸಿ ಕುಣಿದಳು. ಕೊನೆಯ ಡಬ್ಬಿಯೂ ದಾಟಿತು.

"ಏನಮ್ಮ, ಇನ್ನೊಂದು ಮಾತ್ರೆ ಕೊಡಲಾ?" ಅಜ್ಜ ಕೆಣಕಿದ.

ಮಿಡತೆ ಬಲಗಣ್ಣಿನ ಮೇಲೆ ಮೆಲ್ಲಗೆ ಅಂಗೈ ಇಟ್ಟುಕೊಂಡಳು.

"ಶ್ಶ್, ಅಜ್ಜಾ. ಇಲ್ಲಿ ಇನ್ನೂ ಕೆಲಸ ನಡೀತಿದೆ."